ಎರಡು ತಾರೀಖಿನ ಮನೆ

ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಯಾರಾದರೂ ಹೊಸ ಮನೆ ಕೊಂಡೆವೆಂದು ಸಿಹಿ ಹಂಚಿದರೆ, ಅದನ್ನು ಬಾಯಿಗೆ ಹಾಕಿಕೊಳ್ಳುವ ಮೊದಲೇ ನಾನು ಒಂದು ಪ್ರಶ್ನೆ ಕೇಳುತ್ತೇನೆ: “ಪೊಸೆಷನ್ ಲೆಟರ್ ಮೇಲೆ ಯಾವ ತಾರೀಖಿದೆ?” ಪಾಪ, ಅವರು ಗೃಹಪ್ರವೇಶಕ್ಕೆ ಎಷ್ಟು ಜನ ಬಂದಿದ್ದರು, ಊಟಕ್ಕೆ ಏನು ಮಾಡಿಸಿದ್ದರು ಎಂದು ಹೇಳಲು ಸಿದ್ಧವಾಗಿ ಬಂದಿರುತ್ತಾರೆ. ಇದೇನು ಈ ಸಿಸ್ಟರ್ ಹೀಗೆ ಕೇಳುತ್ತಾರೆ ಎಂದು ಪಿಳಿಪಿಳಿ ಕಣ್ಣು ಬಿಡುತ್ತಾರೆ. ಬಿಡಲಿ. ಉತ್ತರ ಸಿಗುವವರೆಗೆ ನಾನೂ ಬಿಡುವುದಿಲ್ಲ. ಈಚೆಗೆ ಮಹದೇವಪುರದಲ್ಲಿ ಫ್ಲ್ಯಾಟ್ ಕೊಂಡ ಫಾರ್ಮಸಿಯ ಹುಡುಗಿಯೊಬ್ಬಳನ್ನು ಹೀಗೇ ಹಿಡಿದು ನಿಲ್ಲಿಸಿ, ಅವಳು ಕಳೆದುಕೊಳ್ಳಲಿದ್ದ ಒಂದು ವರ್ಷದ ತೆರಿಗೆ ವಿನಾಯಿತಿಯನ್ನು ಉಳಿಸಿಕೊಟ್ಟೆ. ಅವಳು ಒಂದು ಡಬ್ಬಿ ಮೈಸೂರು ಪಾಕ್ ತಂದುಕೊಟ್ಟಳು. ಅಷ್ಟನ್ನೂ ನಾನೇ ತಿಂದೆ. ಸಂಕೋಚವೇನೂ ಆಗಲಿಲ್ಲ.

ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ.

ಇಪ್ಪತ್ನಾಲ್ಕು ವರ್ಷದಿಂದ ನಾನು ನರ್ಸ್. ಫ್ರೇಜರ್ ಟೌನಿನ ಒಂದು ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿಗೆ ಇನ್‌ಚಾರ್ಜ್. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿಯರನ್ನು ಕೇಳಿ ನೋಡಿ, ನನಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ಒಬ್ಬಳೂ ಹೇಳದೆ ಇರಲಾರಳು. ಮಾತ್ರೆಯನ್ನು ಎಂಟೂ ಹತ್ತಕ್ಕೆ ಕೊಟ್ಟಿದ್ದರೆ ಚಾರ್ಟಿನಲ್ಲಿ ಎಂಟೂ ಹತ್ತು ಎಂದೇ ಬರೆಯಬೇಕು. ಎಂಟು ಎಂದು ಬರೆದವಳನ್ನು ನಾನು ಸುಮ್ಮನೆ ಬಿಟ್ಟದ್ದಿಲ್ಲ. “ನಿಂಗೆ ಯಾವ ಟೈಮ್ ಚೆನ್ನಾಗಿ ಕಾಣುತ್ತೋ ಅದನ್ನ ಬರೀಬೇಡ. ಯಾವಾಗ ಕೊಟ್ಟೆಯೋ ಅದನ್ನ ಬರಿ” ಎಂದು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಚಾರ್ಟಿನಲ್ಲಿ ತಪ್ಪು ಸಮಯ ಇಲ್ಲ ಎಂಬ ಹೆಮ್ಮೆ ನನಗೆ ಚೆನ್ನಾಗಿಯೇ ಇತ್ತು. ಈಗಲೂ ಇದೆ. ಚಾರ್ಟಿನ ಮಟ್ಟಿಗೆ.

ಮನೆಯಲ್ಲಿ ನಾವು ಇಬ್ಬರೇ, ಅಕ್ಕ ಮತ್ತು ನಾನು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ಕಾಕ್ಸ್ ಟೌನಿನ ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ಅವಳ ಗಂಡ ಮದುವೆಯಾದ ನಾಲ್ಕೇ ವರ್ಷಕ್ಕೆ ತೀರಿಕೊಂಡರು. ನಾನು ಮದುವೆಯ ಗೊಡವೆಗೇ ಹೋಗಲಿಲ್ಲ. ಹಲಸೂರಿನ ವಠಾರದ ಎರಡು ಕೋಣೆಗಳಲ್ಲಿ ಮೊದಲು ಅಪ್ಪ ಅಮ್ಮನ ಜೊತೆಗೆ, ಆಮೇಲೆ ನಾವಿಬ್ಬರೇ, ಬಾಡಿಗೆ ಕಟ್ಟಿಕೊಂಡೇ ತಲೆ ನರೆಸಿಕೊಂಡೆವು. ಕೊನೆಗೆ ಇಬ್ಬರ ಹೆಸರಲ್ಲೂ ಸಾಲ ತೆಗೆದು, ಇಬ್ಬರ ಹೆಸರಲ್ಲೂ ಕೆ.ಆರ್. ಪುರದಲ್ಲಿ ಒಂದು ಫ್ಲ್ಯಾಟ್ ಬುಕ್ ಮಾಡಿದೆವು. ಕಟ್ಟಡ ಏಳುವುದಕ್ಕೆ ಎರಡು ವರ್ಷ ಹಿಡಿಯಿತು. ಅಷ್ಟೂ ದಿನ ಒಂದು ಕೈಯಲ್ಲಿ ಬಾಡಿಗೆ, ಇನ್ನೊಂದು ಕೈಯಲ್ಲಿ ಬ್ಯಾಂಕಿನ ಬಡ್ಡಿ.

ಮಾರ್ಚ್ ಮೊದಲ ವಾರದಲ್ಲಿ ರಿಜಿಸ್ಟ್ರೇಷನ್ ಆಯಿತು. ಅದೇ ವಾರ ಬಿಲ್ಡರ್ ಕಚೇರಿಯಲ್ಲಿ ಬೀಗದ ಕೈಯನ್ನೂ ಪೊಸೆಷನ್ ಲೆಟರನ್ನೂ ಕೊಟ್ಟರು. ಮನೆಯನ್ನು ನಿಮ್ಮ ಸ್ವಾಧೀನಕ್ಕೆ ಕೊಟ್ಟಿದ್ದೇವೆ ಎಂದು ತಾರೀಖು ಹಾಕಿ, ಸೀಲು ಒತ್ತಿದ ಒಂದು ಹಾಳೆ. ನಾನಂತೂ ಮರುದಿನವೇ ಗಂಟುಮೂಟೆ ಕಟ್ಟಲು ಶುರು ಮಾಡಿದೆ. ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದಳು.

“ಯುಗಾದಿಗೆ ಹೋಗೋಣ ಕಣೇ.”

ಆ ವರ್ಷ ಯುಗಾದಿ ಬಂದದ್ದು ಏಪ್ರಿಲಿನಲ್ಲಿ. ಅಂದರೆ ಇನ್ನೂ ಒಂದು ತಿಂಗಳು ಖಾಲಿ ಮನೆಗೆ ಕಂತು, ತುಂಬಿದ ಮನೆಗೆ ಬಾಡಿಗೆ. ನಾನು ಕೂಗಾಡಿದೆ. ಅಕ್ಕ ಕೂಗಾಡುವವಳಲ್ಲ. “ನನ್ ಜೀವನದಲ್ಲಿ ಎಲ್ಲಾನೂ ಅವಸರದಲ್ಲೇ ಆಗಿದೆ. ಮದುವೆ ಆಯ್ತು, ಅವರು ಹೋದ್ರು, ಕೆಲಸಕ್ಕೆ ಸೇರಿದೆ, ಎಲ್ಲಾ ಅವಸರ. ಇದೊಂದು ಒಳ್ಳೇ ದಿನ ನೋಡ್ಕೊಂಡು ಆಗ್ಲಿ” ಎಂದಳು. ನಾನು ಕಟ್ಟಿದ್ದ ಗಂಟುಗಳನ್ನು ಬಿಚ್ಚಿದೆ. ಬೀಗದ ಕೈಯನ್ನು ದೇವರ ಗೂಡಿನ ಮೊಳೆಗೆ ನೇತು ಹಾಕಿದಳು. ಪೊಸೆಷನ್ ಲೆಟರಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಫೋಟೋದ ಹಿಂದೆ ಇಟ್ಟಳು.

ಆ ತಿಂಗಳ ಭಾನುವಾರಗಳಲ್ಲಿ ಪೊರಕೆ ಹಿಡಿದುಕೊಂಡು ಇಬ್ಬರೂ ಹೋಗಿ ಖಾಲಿ ಮನೆಯನ್ನು ಗುಡಿಸಿ ಬರುತ್ತಿದ್ದೆವು. ಹಾಲು ಉಕ್ಕಿಸದೆ ಒಳಗೆ ಕೂತು ಏನನ್ನೂ ತಿನ್ನಬಾರದೆಂದು ಅಕ್ಕ ಕಟ್ಟುನಿಟ್ಟು ಮಾಡಿದ್ದಳು. ಸ್ವಂತ ಮನೆಯ ಹೊರಗೆ, ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿಂದವರು ಆ ಕಟ್ಟಡದಲ್ಲಿ ನಾವೇ ಮೊದಲಿರಬೇಕು. ಪಕ್ಕದ ಫ್ಲ್ಯಾಟಿನವರು ನಮ್ಮನ್ನು ಕೂಲಿಯವರೆಂದುಕೊಂಡು, ತಮ್ಮ ಮನೆಯನ್ನೂ ಗುಡಿಸಿಕೊಡುತ್ತೀರಾ, ಎಷ್ಟು ತಗೊಳ್ತೀರಾ ಎಂದು ಕೇಳಿದರು. ಅಕ್ಕ ನಕ್ಕು ಸುಮ್ಮನಾದಳು. ನಾನು ಸುಮ್ಮನಾಗಲಿಲ್ಲ.

ಯುಗಾದಿಯ ದಿನ ಅಕ್ಕನೇ ಹಾಲು ಉಕ್ಕಿಸಿದಳು. ಗಂಡ ಇಲ್ಲದವಳು ಮುಂದೆ ನಿಂತು ಮಾಡುವುದುಂಟೇ ಎಂದು ನಮ್ಮ ಚಿಕ್ಕಮ್ಮ ಗೊಣಗಿದಾಗ, “ಸಾಲದ ಕಂತು ಕಟ್ಟೋವಾಗ ಮುಂದೆ ನಿಲ್ತಾಳಲ್ಲ ಚಿಕ್ಕಮ್ಮ, ಹಾಲಿಗೆ ಯಾಕೆ ಹಿಂದೆ ನಿಲ್ಬೇಕು?” ಎಂದೆ. ಚಿಕ್ಕಮ್ಮ ಮತ್ತೆ ಬಾಯಿ ತೆರೆದದ್ದು ಊಟಕ್ಕೇ. ಹಾಲು ಉಕ್ಕಿ ಒಲೆಯ ಮೇಲೆ ಸುರಿದಾಗ ಅಕ್ಕನ ಮುಖ ನೋಡಿ, ಈ ಒಂದು ತಿಂಗಳ ಬಾಡಿಗೆ ದಂಡವಾಗಲಿಲ್ಲ ಎಂದು ನನಗೆ ನಿಜವಾಗಿಯೂ ಅನ್ನಿಸಿತು.

ಆದರೆ ರಿಜಿಸ್ಟ್ರೇಷನ್ ಖರ್ಚು ನಮ್ಮ ಕೈಮೀರಿತ್ತು. ಕೂಡಿಟ್ಟದ್ದು ಸಾಲದೆ ಅಕ್ಕ ತನ್ನ ಚೀಟಿ ಎತ್ತಿದ್ದಳು. ಚೀಟಿ ಎತ್ತಿದ ಮೇಲೆ ಉಳಿದ ಕಂತುಗಳನ್ನು ತಿಂಗಳು ತಿಂಗಳು ತಪ್ಪದೆ ಕಟ್ಟಬೇಕಲ್ಲ. ಅದಕ್ಕಾಗಿ ಏಪ್ರಿಲಿನಿಂದ ಅವಳು ಶಿವಾಜಿನಗರದ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಸಂಜೆಯ ಕೆಲಸ ಹಿಡಿದಳು. ಸೀರೆಗೆ ಹೊಂದುವ ರವಿಕೆ ಬಟ್ಟೆ, ಲೈನಿಂಗ್, ಫಾಲ್ ಮಾರುವ ಅಂಗಡಿ. ಶಾಲೆ ಬಿಟ್ಟ ಮೇಲೆ ಐದರಿಂದ ಒಂಬತ್ತರವರೆಗೆ. ಹೊಸ ಮನೆಗೆ ಬಂದು ತಿಂಗಳುಗಳು ಕಳೆದರೂ ಅಕ್ಕ ವಾರದ ಆರು ದಿನ ಆ ಮನೆಯನ್ನು ಬೆಳಕಿನಲ್ಲಿ ಸರಿಯಾಗಿ ನೋಡುತ್ತಿದ್ದದ್ದು ಬೆಳಿಗ್ಗೆ ಒಂದು ಗಂಟೆ ಮಾತ್ರ. ಮುಂದಿನ ವರ್ಷದ ಕೊನೆಯವರೆಗೂ ಹೀಗೇ ನಡೆಯಬೇಕಿತ್ತು. ನನ್ನ ಸಂಬಳದಲ್ಲಿ ಮನೆಯ ಸಾಲದ ದೊಡ್ಡ ಪಾಲು ಹೋಗುತ್ತಿದ್ದುದರಿಂದ ಚೀಟಿಗೆ ಕೈ ಹಾಕುವ ಶಕ್ತಿ ನನಗಿರಲಿಲ್ಲ.

ಜುಲೈನಲ್ಲಿ ತೆರಿಗೆ ರಿಟರ್ನ್ ಹಾಕುವ ಸಮಯ ಬಂತು. ನಮ್ಮಿಬ್ಬರ ರಿಟರ್ನನ್ನೂ ಹಲವು ವರ್ಷಗಳಿಂದ ತುಂಬಿಕೊಡುತ್ತಿದ್ದವರು ರಸೆಲ್ ಮಾರುಕಟ್ಟೆಯ ಹತ್ತಿರ, ಮಸಾಲೆ ಸಾಮಾನಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂರುವ ಒಬ್ಬ ಸಾಹೇಬರು. ಕೆಳಗೆ ಹುರಿಯುವ ಧನಿಯದ ಘಮ ಅವರ ಫೈಲುಗಳಿಗೆಲ್ಲ ಹತ್ತಿಕೊಂಡಿರುತ್ತದೆ. ಮನೆಯವರೊಡನೆ ದಖನಿ ಉರ್ದು, ಅಂಗಡಿಯವನೊಡನೆ ತಮಿಳು, ನನ್ನೊಡನೆ ಶುದ್ಧ ಕನ್ನಡ. ಅವರದೊಂದು ಪದ್ಧತಿ: ಪ್ರತಿಯೊಬ್ಬ ಗಿರಾಕಿಗೂ ತಾವೇ ಅಚ್ಚು ಹಾಕಿಸಿದ ಅರ್ಧ ಹಾಳೆಯ ಫಾರಂ ಕೊಡುತ್ತಾರೆ. ಸಂಬಳ, ವಿಮೆ, ಪಿ.ಎಫ್., ಮನೆ ಇದ್ದರೆ ಅದರ ವಿವರ, ಎಲ್ಲವನ್ನೂ ಗಿರಾಕಿ ತನ್ನ ಕೈಯಿಂದಲೇ ಬರೆದು ಸಹಿ ಹಾಕಬೇಕು. ಬರೆದದ್ದನ್ನು ಅವರು ಪ್ರಶ್ನಿಸುವುದಿಲ್ಲ. ಅದರಲ್ಲೂ ನಾನು ಬರೆದದ್ದನ್ನು. “ಸಿಸ್ಟರ್ ಬರೆದ್ರು ಅಂದ್ರೆ ಪ್ರಿಂಟ್ ಆದ ಹಾಗೆ” ಎಂದು ಬೇರೆ ಗಿರಾಕಿಗಳ ಮುಂದೆಯೇ ಹೇಳುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ. ಆ ವರ್ಷವೂ ನನ್ನದು, ಅಕ್ಕನದು, ಎರಡು ಹಾಳೆಗಳನ್ನೂ ಊಟದ ಬಿಡುವಿನಲ್ಲಿ ನಾನೇ ತುಂಬಿ, ಅಕ್ಕನ ಸಹಿ ಹಾಕಿಸಿ, ಅವರ ಮೇಜಿನ ಮೇಲಿಟ್ಟು ಡ್ಯೂಟಿಗೆ ಓಡಿದೆ. ಮನೆ ಸಾಲದ ವಿನಾಯಿತಿ ಮುಂದಿನ ವರ್ಷದಿಂದ ಎಂದು ಅವರು ಫೋನಿನಲ್ಲಿ ಹೇಳಿದರು. ಸರಿ ಎಂದೆ. ರಿಟರ್ನ್ ಹೋಯಿತು. ನಾನು ಮರೆತೆ.

ಡಿಸೆಂಬರ್ ಮೂರನೆಯ ವಾರ ನಮ್ಮ ಆಸ್ಪತ್ರೆಯ ಅಕೌಂಟ್ಸಿನವರು ಚಾಲ್ತಿ ವರ್ಷದ ತೆರಿಗೆಗೆ ದಾಖಲೆ ಕೇಳಿದರು. ಶನಿವಾರ ಪೊಸೆಷನ್ ಲೆಟರಿನ ಜೆರಾಕ್ಸ್ ತೆಗೆದುಕೊಂಡು ಹೋದೆ. ಅಲ್ಲಿನ ಮೇಡಂ ಕನ್ನಡಕ ಏರಿಸಿಕೊಂಡು ನೋಡಿದರು.

“ಸಿಸ್ಟರ್, ಮನೆ ಮಾರ್ಚಲ್ಲೇ ಕೈಗೆ ಬಂದಿದೆಯಲ್ಲ? ಹಾಗಾದ್ರೆ ಹೋದ ವರ್ಷದ ಬಡ್ಡಿನೂ ಕ್ಲೇಮ್ ಮಾಡಿರ್ತೀರಲ್ವಾ?”

“ಇಲ್ಲ ಮೇಡಂ, ನಾವು ಮನೆಗೆ ಹೋಗಿದ್ದೇ ಏಪ್ರಿಲಲ್ಲಿ. ಯುಗಾದಿಗೆ.”

“ನೀವು ಯಾವಾಗ ಹೋದ್ರೆ ತೆರಿಗೆಯವರಿಗೇನು ಸಿಸ್ಟರ್? ಮಾರ್ಚ್ ಮೂವತ್ತೊಂದರೊಳಗೆ ಮನೆ ಸಿಕ್ಕಿದ್ರೆ ಆ ವರ್ಷದ ಲೆಕ್ಕಕ್ಕೇ ಬರುತ್ತೆ. ಇಡೀ ವರ್ಷದ ಬಡ್ಡಿ. ರಿಜಿಸ್ಟ್ರೇಷನ್ ಖರ್ಚೂ ಆ ವರ್ಷಕ್ಕೇ. ಅದನ್ನ ಮುಂದಕ್ಕೆ ಹಾಕೋಕಾಗಲ್ಲ.”

ಮನೆಗೆ ಹೋಗುವ ದಾರಿಯುದ್ದಕ್ಕೂ ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಇಬ್ಬರದೂ ಸೇರಿ ಎಂಬತ್ತು ಸಾವಿರದ ಹತ್ತಿರ. ಅಕ್ಕನ ಚೀಟಿಗೆ ಉಳಿದದ್ದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಆ ದುಡ್ಡು ಬಂದಿದ್ದರೆ ಅಕ್ಕ ಇಷ್ಟು ಹೊತ್ತಿಗೆ ಸಂಜೆಯ ಕೆಲಸ ಬಿಟ್ಟು ಮನೆಯಲ್ಲಿರುತ್ತಿದ್ದಳು. ಲೆಕ್ಕ ಅಲ್ಲಿಗೆ ಬಂದು ನಿಂತಾಗ ನನಗೆ ಬಂದ ಕೋಪ ಯಾರ ಮೇಲೆ ಹೋಗಬೇಕಿತ್ತೋ ಅವರ ಮೇಲೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕ ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದಳು.

“ನಿನ್ ಯುಗಾದಿ ನಮ್ಮ ಎಂಬತ್ ಸಾವಿರ ನುಂಗ್ಬಿಡ್ತು ನೋಡು” ಎಂದೆ.

ವಿಷಯವನ್ನೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು. ಒಂದು ತಿಂಗಳು ಕಾಯಿಸಿದೆ, ಬಾಡಿಗೆ ಹೋಯಿತು, ಈಗ ಇದೂ ಹೋಯಿತು ಎಂದೆ. ಅವಳು ಹೆಚ್ಚುವುದನ್ನು ನಿಲ್ಲಿಸಿ ಕೇಳಿದಳು.

“ಮತ್ತೆ ಬರಲ್ವಾ?”

“ಸಾಹೇಬ್ರು ಊರಲ್ಲಿಲ್ಲ. ಗುರುವಾರ ಬರ್ತಾರೆ. ಬಂದ್ ಏನ್ ಮಾಡ್ತಾರೋ ದೇವರೇ ಬಲ್ಲ.”

ಅವಳು ಮತ್ತೆ ಹುರುಳಿಕಾಯಿ ಎಳೆದುಕೊಂಡು, ಬಹಳ ಸಣ್ಣಗೆ ಹೆಚ್ಚಿದಳು. ಮುಂದಿನ ನಾಲ್ಕು ದಿನ ನಮ್ಮಿಬ್ಬರ ನಡುವೆ ಹಾಲು ಬಂತಾ, ಗ್ಯಾಸ್ ಬುಕ್ ಮಾಡಿದ್ಯಾ ಎನ್ನುವುದನ್ನು ಬಿಟ್ಟು ಬೇರೆ ಮಾತಿರಲಿಲ್ಲ. ನನಗೆ ಅದರಿಂದ ಬೇಸರವೇನೂ ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ತಪ್ಪು ಅವಳದೇ, ಅನುಭವಿಸಲಿ ಎಂಬ ಬಿಗುಮಾನವೂ ಇತ್ತು.

ಗುರುವಾರ ಡ್ಯೂಟಿ ಮುಗಿಸಿ ಸಾಹೇಬರ ಮಹಡಿ ಹತ್ತಿದೆ. ಈ ಸಲ ಮೂಲ ಪತ್ರವನ್ನೇ ಒಯ್ದಿದ್ದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಮೂಲೆಯಲ್ಲಿ ಇದು ಅರಿಶಿನ ಅಲ್ವಾ ಸಿಸ್ಟರ್?”

“ಹೌದು ಸಾಹೇಬ್ರೇ. ನಮ್ಮಕ್ಕ.”

“ಒಳ್ಳೇದು. ನಮ್ಮನೇಲೂ ಇಂಥ ಕಾಗದಾನ ಮೊದಲು ದುಆ ಮಾಡ್ಸಿ, ಆಮೇಲೇ ಬೀರು ಒಳಗಿಡೋದು” ಎಂದು ನಕ್ಕರು. ತಾರೀಖು ನೋಡಿ ನಗು ನಿಲ್ಲಿಸಿದರು. ಎದ್ದು ಸ್ಟೀಲ್ ಬೀರುವಿನಿಂದ ಒಂದು ಕಟ್ಟು ತೆಗೆದು, ದಾರ ಬಿಚ್ಚಿ, ಎರಡು ಅರ್ಧ ಹಾಳೆಗಳನ್ನು ನನ್ನ ಮುಂದಿಟ್ಟರು.

ಮನೆಯ ಸ್ವಾಧೀನ ಪಡೆದ ದಿನಾಂಕ ಎಂದು ಅಚ್ಚಾಗಿತ್ತು. ಅದರ ಮುಂದೆ ಏಪ್ರಿಲಿನ ಯುಗಾದಿಯ ತಾರೀಖು. ಎರಡು ಹಾಳೆಯಲ್ಲೂ. ನನ್ನ ಅಕ್ಷರ, ದುಂಡಗೆ, ಮುತ್ತು ಪೋಣಿಸಿದ ಹಾಗೆ.

ಯುಗಾದಿಯವರೆಗೆ ಕಾಯೋಣ ಎಂದದ್ದು ಅಕ್ಕ, ನಿಜ. ಆದರೆ ಕಾದದ್ದರಿಂದ ಒಂದು ಪೈಸೆಯ ತೆರಿಗೆಯೂ ಹೋಗಿರಲಿಲ್ಲ. ಮನೆ ಮಾರ್ಚಿನಲ್ಲೇ ನಮ್ಮದಾಗಿತ್ತು, ಕಾಗದ ದೇವರ ಫೋಟೋದ ಹಿಂದೆ ತನ್ನ ತಾರೀಖನ್ನು ಇಟ್ಟುಕೊಂಡು ಭದ್ರವಾಗಿತ್ತು. ಅದನ್ನು ತೆಗೆದು ನೋಡದೆ, ನನಗೆ ಚೆನ್ನಾಗಿ ಕಂಡ ತಾರೀಖನ್ನು ಬರೆದವಳು ನಾನು. ಇಪ್ಪತ್ನಾಲ್ಕು ವರ್ಷ ಹುಡುಗಿಯರನ್ನು ಬೈದ ಬಾಯಿ ಅದು. ಆ ಕುರ್ಚಿಯ ಮೇಲೆ ಕೂತು ನನಗೆ ನನ್ನ ಮೇಲೇ ಅಸಹ್ಯವಾಯಿತು.

“ನಂದೂ ತಪ್ಪಿದೆ. ನಾನು ಲೆಟರ್ ಕೇಳ್ಬೇಕಿತ್ತು” ಎಂದರು ಸಾಹೇಬರು.

“ನಿಮ್ದೇನಿಲ್ಲ. ನಾನ್ ಬರೆದಿದ್ದು, ನಾನೇ ಸರಿ ಮಾಡ್ಬೇಕು. ದಾರಿ ಇದೆಯೋ ಇಲ್ವೋ ಹೇಳಿ.”

“ಇದೆ. ಹಾಕಿದ ರಿಟರ್ನನ್ನ ತಿದ್ದಿ ಮತ್ತೆ ಹಾಕ್ಬಹುದು. ಡಿಸೆಂಬರ್ ಮೂವತ್ತೊಂದರವರೆಗೆ. ಅದು ದಾಟಿದ್ರೆ ಅರ್ಜಿ, ಮನವಿ ಅಂತ ವರ್ಷಗಟ್ಟಲೆ ಅಲೀಬೇಕು. ನಿಮ್ಮಿಬ್ಬರದೂ ಹಳೇ ತೆರಿಗೆ ಪದ್ಧತಿಯಲ್ಲೇ ಹಾಕಿದೀವಿ, ಅದೂ ಒಳ್ಳೇದೇ ಆಯ್ತು. ಹೊಸದರಲ್ಲಿ ಹಾಕಿದ್ರೆ ಈ ಬಡ್ಡಿ ವಿನಾಯಿತಿ ಸಿಗ್ತಿರ್ಲಿಲ್ಲ.”

ದಾರಿ ಇದೆ ಎಂದು ಕೇಳಿದ ಮೇಲೆ ನನ್ನ ಹಳೆಯ ಧೈರ್ಯ ಮರಳಿತು. ಏನೇನು ಬೇಕು ಹೇಳಿ ಎಂದು ಪೆನ್ನು ತೆಗೆದೆ. ಬ್ಯಾಂಕಿನಿಂದ ಆ ವರ್ಷದ ಬಡ್ಡಿಯ ಸರ್ಟಿಫಿಕೇಟ್ ಬೇಕು. ಅದಕ್ಕಿಂತ ಹಿಂದಿನದೂ ಬೇಕು, ಏಕೆಂದರೆ ಮನೆ ಕಟ್ಟುತ್ತಿದ್ದಾಗ ತೆತ್ತ ಬಡ್ಡಿಯನ್ನು ಐದು ಪಾಲು ಮಾಡಿ, ಮನೆ ಸಿಕ್ಕ ವರ್ಷದಿಂದ ವರ್ಷಕ್ಕೊಂದು ಪಾಲಿನಂತೆ ತೋರಿಸಬಹುದು. ಇದು ನನಗೆ ಗೊತ್ತೇ ಇರಲಿಲ್ಲ. ಮುದ್ರಾಂಕ ಶುಲ್ಕ ಮತ್ತು ನೋಂದಣಿಯ ರಸೀದಿ ಬೇಕು. ಮನೆಯಲ್ಲೂ ಸಾಲದಲ್ಲೂ ಇಬ್ಬರ ಹೆಸರಿದ್ದು, ಇಬ್ಬರೂ ಕಟ್ಟುತ್ತಿದ್ದರೆ ಇಬ್ಬರಿಗೂ ಪ್ರತ್ಯೇಕವಾಗಿ ವಿನಾಯಿತಿ ಉಂಟು. ಅಕ್ಕನ ವರಮಾನ ಕಡಿಮೆ. ಇವನ್ನೆಲ್ಲ ಕಳೆದರೆ ಐದು ಲಕ್ಷದೊಳಗೆ ಬಂದು ಅವಳಿಗೆ ತೆರಿಗೆಯೇ ಬೀಳುವುದಿಲ್ಲ, ಹಿಡಿದದ್ದೆಲ್ಲ ವಾಪಸ್ ಬರುತ್ತದೆ ಎಂದರು. ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ಹೊರಡುವಾಗ ಅಕ್ಕನ ಹೆಸರಿನ ಅರ್ಧ ಹಾಳೆಯನ್ನು ಕೇಳಿದೆ. ಅವರು ಅದರ ಜೆರಾಕ್ಸ್ ತೆಗೆಸಿ ಮಡಚಿ ಕೊಟ್ಟರು.

ಶುಕ್ರವಾರ ರಜೆ ಹಾಕಿ ಇಂದಿರಾನಗರದ ಬ್ಯಾಂಕ್ ಶಾಖೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತೆ. ವರ್ಷದ ಕೊನೆ, ಅರ್ಧ ಜನ ರಜೆಯಲ್ಲಿದ್ದರು, ಸೋಮವಾರ ಬನ್ನಿ ಎಂದರು. ಸೋಮವಾರದವರೆಗೆ ಕಾಯಲು ನನಗೆ ಸಮಯವಿಲ್ಲ, ಸರ್ಟಿಫಿಕೇಟ್ ಕೊಡುವವರೆಗೆ ಈ ಕುರ್ಚಿ ನನ್ನದೇ ಎಂದೆ. ವಾರ್ಡಿನಲ್ಲಿ ಹಟಮಾರಿ ರೋಗಿಗಳಿಂದ ಕಲಿತ ವಿದ್ಯೆ. ಒಂದೂವರೆಗೆ ಸೀಲು ಬಿತ್ತು. ಅಷ್ಟಾದರೂ ಅಕ್ಕನಿಗೆ ಮಾತ್ರ “ಸಾಹೇಬ್ರು ನೋಡ್ತಾರಂತೆ” ಎಂದಷ್ಟೇ ಹೇಳಿದ್ದೆ. ಆ ಹಾಳೆ ನನ್ನ ಚೀಲದ ಒಳಖಾನೆಯಲ್ಲೇ ಇತ್ತು. ಬ್ಯಾಂಕಿನವರ ಮುಂದೆ ಇದ್ದ ಧೈರ್ಯ ಮನೆಯಲ್ಲಿ ಬರಲಿಲ್ಲ.

ಶನಿವಾರ ಸಂಜೆ ಸಾಹೇಬರು ಇಬ್ಬರ ರಿಟರ್ನನ್ನೂ ತಿದ್ದಿ ಹಾಕಿದರು. ನನ್ನದು ಮುಗಿಯಿತು. ಅಕ್ಕನದನ್ನು ಖಾತ್ರಿ ಮಾಡಲು ಅವಳ ಮೊಬೈಲಿಗೆ ಓಟಿಪಿ ಬರಬೇಕು. ಅವಳೋ ಅಂಗಡಿಯಲ್ಲಿ. ಫೋನ್ ಮಾಡಿದರೆ ಎತ್ತುವುದಿಲ್ಲ, ಕೆಲಸದ ಹೊತ್ತಿನಲ್ಲಿ ಫೋನನ್ನು ಡ್ರಾಯರಿನಲ್ಲಿ ಇಡಬೇಕೆಂಬ ನಿಯಮ. ಅಂಗಡಿ ಸಾಹೇಬರ ಮಹಡಿಯಿಂದ ಐದು ನಿಮಿಷದ ನಡಿಗೆ. ನಾನೇ ಹೊರಟೆ. ಎಂಟು ತಿಂಗಳಲ್ಲಿ ಒಮ್ಮೆಯೂ ನಾನು ಆ ಅಂಗಡಿಗೆ ಹೋಗಿರಲಿಲ್ಲ.

ಉದ್ದನೆಯ ಕಿರಿದಾದ ಅಂಗಡಿ. ನೆಲದಿಂದ ಚಾವಣಿಯವರೆಗೆ ಬಣ್ಣ ಬಣ್ಣದ ಬಟ್ಟೆಯ ಥಾನುಗಳು. ಕೌಂಟರಿನ ಹಿಂದೆ ಅಕ್ಕ ನಿಂತಿದ್ದಳು. ಎದುರಿಗೆ ಒಬ್ಬ ಹೆಂಗಸು ಸೀರೆಯ ಸೆರಗು ಹರಡಿಕೊಂಡು, ಈ ಹಸಿರಲ್ಲ, ಆ ಹಸಿರಲ್ಲ ಎನ್ನುತ್ತಿದ್ದಳು. ಅಕ್ಕ ಒಂದೊಂದೇ ಥಾನನ್ನು ಎಳೆದು, ಬಿಚ್ಚಿ, ಸೆರಗಿನ ಪಕ್ಕ ಇಟ್ಟು, ಮತ್ತೆ ಸುತ್ತಿ ಮೇಲಿಡುತ್ತಿದ್ದಳು. ಏಳನೆಯದೋ ಎಂಟನೆಯದೋ ಹೊಂದಿತು. ಕೌಂಟರಿನ ಹಿಂದೆ ಕೂರಲು ಒಂದು ಸ್ಟೂಲೂ ಇರಲಿಲ್ಲ. ನನ್ನ ಕಣ್ಣು ತಾನಾಗಿ ಅವಳ ಕಾಲಿನ ಕಡೆ ಹೋಯಿತು. ಚಪ್ಪಲಿಯ ಪಟ್ಟಿ ಊದಿದ ಪಾದದೊಳಗೆ ಹೂತುಹೋಗಿತ್ತು. ದಿನಕ್ಕೆ ಮೂವತ್ತು ಜನರ ಕಾಲು ಒತ್ತಿ ನೋಡಿ ಬಾವು ಇದೆ, ಇಲ್ಲ ಎಂದು ಬರೆಯುವವಳು ನಾನು. ನನ್ನ ಮನೆಯ ಕಾಲನ್ನು ನೋಡಿರಲಿಲ್ಲ.

ನಾನು ಯಾರೆಂದು ಹೇಳಿದಾಗ ಅಂಗಡಿಯ ಮಾಲೀಕರು ಮರ್ಯಾದೆಯಿಂದಲೇ ಮಾತಾಡಿಸಿದರು. “ಓ, ತಂಗೀನಾ? ನಿಮ್ಮಕ್ಕನ ಕಣ್ಣು ಬಣ್ಣ ತಪ್ಪೋದೇ ಇಲ್ಲ ನೋಡಿ. ಜನವರಿಯಿಂದ ಭಾನುವಾರನೂ ಬರ್ತೀನಿ ಅಂದಿದಾರೆ, ನಮಗೂ ಅನುಕೂಲ ಆಯ್ತು.”

ನಾನು ಅಕ್ಕನ ಮುಖ ನೋಡಿದೆ.

“ಏನಿದು, ಭಾನುವಾರ?”

“ಯುಗಾದಿ ದುಡ್ಡು ತುಂಬ್ಕೋಬೇಕಲ್ಲ” ಎಂದಳು. ವ್ಯಂಗ್ಯವೇನೂ ಇರಲಿಲ್ಲ ದನಿಯಲ್ಲಿ. “ನನ್ನಿಂದ ಹೋಗಿದ್ದು. ನಿನ್ ತಲೆ ಮೇಲೆ ಯಾಕೆ?”

ಓಟಿಪಿ ಬಂತು. ಫೋನಿನಲ್ಲಿ ಸಾಹೇಬರಿಗೆ ಆರು ಅಂಕಿಗಳನ್ನು ಓದಿ ಹೇಳಿದೆ. ತಪ್ಪಬಾರದೆಂದು ಎರಡು ಸಲ ಹೇಳಿದೆ. “ಆಯ್ತು ಸಿಸ್ಟರ್, ಹೋಯ್ತು” ಎಂದರು. ಆಮೇಲೆ ಐದು ನಿಮಿಷ ಬಿಡಿ ಎಂದು ಮಾಲೀಕರನ್ನು ಕೇಳಿ ಅಕ್ಕನನ್ನು ಹೊರಗೆ ಕರೆದೆ. ಫುಟ್‌ಪಾತಿನ ಮೇಲೆ, ಕಡಲೆಕಾಯಿ ಗಾಡಿಯ ಪಕ್ಕ ನಿಂತು ಆ ಹಾಳೆಯನ್ನು ಚೀಲದಿಂದ ತೆಗೆದು ಅವಳ ಕೈಗೆ ಕೊಟ್ಟೆ.

“ದುಡ್ಡು ವಾಪಸ್ ಬರುತ್ತೆ. ತಿದ್ದಿ ಹಾಕಿದೀವಿ. ಆದ್ರೆ ಇದನ್ನ ನೋಡು. ತಪ್ಪು ನಿಂದಲ್ಲ, ಯುಗಾದೀದೂ ಅಲ್ಲ. ತಾರೀಖು ತಪ್ಪು ಬರೆದಿದ್ದು ನಾನು. ಗುರುವಾರನೇ ಗೊತ್ತಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ.”

ಅವಳು ಅಂಗಡಿಯ ಬೆಳಕಿಗೆ ತಿರುಗಿ ಓದಿದಳು. ತನ್ನ ಸಹಿಯನ್ನೂ ನೋಡಿದಳು.

“ಅಕ್ಷರ ಚೆನ್ನಾಗಿದೆ” ಎಂದಳು.

“ಬೈಯಿ ಅಕ್ಕ.”

“ಬೈಯೋಕೆ ನಂಗೆ ನಿನ್ ಹಾಗೆ ಬರಲ್ಲ ಕಣೇ.” ಹಾಳೆಯನ್ನು ಮಡಚಿ ನನಗೇ ಕೊಟ್ಟಳು. “ಆರು ದಿನ ನಂಗೆ ನಿದ್ದೆ ಬರ್ಲಿಲ್ಲ. ನನ್ ಆಸೆಯಿಂದ ಮನೆಗೆ ನಷ್ಟ ಆಯ್ತಲ್ಲ ಅಂತ. ಜೀವನದಲ್ಲಿ ಒಂದೇ ಒಂದ್ಸಲ ಒಳ್ಳೇ ದಿನ ಕೇಳಿದ್ದೆ. ಅದೂ ದಂಡ ಆಯ್ತಾ ಅಂತ.”

ಒಳಗಿನಿಂದ ಯಾರೋ ಮೇ ತಿಂಗಳ ಮದುವೆಗೆ ನೇರಳೆ ಬಣ್ಣ ಬೇಕೆಂದು ಕೂಗಿದರು. ಅಕ್ಕ ಒಳಗೆ ಹೋದಳು. ನಾನು ಅಲ್ಲೇ ನಿಂತು ಅತ್ತೆ. ಕಡಲೆಕಾಯಿಯವರು ಕೇಳದೆಯೇ ಒಂದು ಪೊಟ್ಟಣ ಕಟ್ಟಿ ಕೊಟ್ಟರು, ದುಡ್ಡು ಮಾತ್ರ ತೆಗೆದುಕೊಂಡರು. ಅಂಗಡಿ ಮುಚ್ಚುವವರೆಗೂ ಕಾದಿದ್ದು ಅಕ್ಕನ ಜೊತೆಗೇ ಮನೆಗೆ ಹೋದೆ. ದಾರಿಯಲ್ಲಿ ಅವಳು ಕಡಲೆಕಾಯಿ ಪೂರ್ತಿ ತಿಂದು ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟಳು. ಸಿಟ್ಟು ಇಳಿದಿದೆ ಎಂದು ಅದರಿಂದ ಗೊತ್ತಾಯಿತು.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಅಕ್ಕನ ಖಾತೆಗೆ ಹಣ ಬಂತು, ಹಿಡಿದ ತೆರಿಗೆಯಷ್ಟೂ, ಸ್ವಲ್ಪ ಬಡ್ಡಿ ಸಮೇತ. ನನ್ನದು ಹತ್ತು ದಿನ ತಡವಾಗಿ ಬಂತು. ಎರಡನ್ನೂ ಸೇರಿಸಿ ಚೀಟಿಯ ಉಳಿದ ಕಂತುಗಳನ್ನು ಒಟ್ಟಿಗೇ ಕಟ್ಟಿಬಿಟ್ಟೆವು. ಸಾಲದೆ ಬಂದ ಎರಡು ಸಾವಿರ ಚಿಲ್ಲರೆಯನ್ನು ನಾನು ಹಾಕಿದೆ. ನನ್ನ ಅಕ್ಷರಕ್ಕೆ ಬಿದ್ದ ದಂಡವೆಂದು ಅಕ್ಕ ಎಲ್ಲರಿಗೂ ಹೇಳಿಕೊಂಡು ನಕ್ಕಳು. ಭಾನುವಾರದ ಮಾತನ್ನು ಮೊದಲೇ ಕೈಬಿಟ್ಟಿದ್ದ ಅವಳು ಆ ತಿಂಗಳ ಕೊನೆಗೆ ಅಂಗಡಿಯ ಕೆಲಸವನ್ನೂ ಬಿಟ್ಟಳು. ಮಾಲೀಕರು ಒಂದು ಸೀರೆ ಕೊಟ್ಟು ಕಳಿಸಿದರು. ಅದಕ್ಕೆ ಹೊಂದುವ ರವಿಕೆ ಬಟ್ಟೆಯನ್ನು ಅವಳೇ ಆರಿಸಿಕೊಂಡಳು.

ಅದಾದ ಮೇಲಿನ ಮೊದಲ ಸೋಮವಾರ. ನನಗೆ ಬೆಳಗಿನ ಪಾಳಿ, ನಾಲ್ಕಕ್ಕೇ ಮನೆಯಲ್ಲಿದ್ದೆ. ಬಾಗಿಲಲ್ಲಿ ಬೀಗದ ಕೈ ತಿರುಗಿದ ಸದ್ದಾಯಿತು. ಅಕ್ಕ ಒಳಗೆ ಬಂದಳು. ಹಾಲಿನಲ್ಲಿ ಇನ್ನೂ ಬಿಸಿಲಿತ್ತು. ಅವಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು, ಬಸ್ ಬಂದರೆ ತಕ್ಷಣ ಎದ್ದು ಹೋಗಬೇಕೆನ್ನುವ ಹಾಗೆ.

“ಈಗ ಏನ್ ಮಾಡೋದೇ?” ಎಂದು ಕೇಳಿದಳು.

“ಏನೂ ಮಾಡ್ಬೇಡ. ಕೂತ್ಕೋ.”

ನಾನು ಕಾಫಿ ತಂದುಕೊಟ್ಟೆ. ಅರ್ಧ ಕುಡಿದ ಮೇಲೆ ಚೀಲವನ್ನು ನೆಲಕ್ಕಿಟ್ಟಳು. ಚಪ್ಪಲಿ ಬಿಟ್ಟು ಕಾಲನ್ನು ಎದುರಿನ ಕುರ್ಚಿಯ ಮೇಲೆ ನೀಡಿದಳು. ಬಾಲ್ಕನಿಯಲ್ಲಿ ಒಣಗುತ್ತಿದ್ದ ಬಟ್ಟೆ, ಗೋಡೆ, ಕಿಟಕಿ ಎಲ್ಲವನ್ನೂ ಒಮ್ಮೆ ನೋಡಿ ನನ್ನ ಕಡೆ ತಿರುಗಿದಳು.

“ಇವತ್ತಿನ್ ತಾರೀಖು ಬರ್ದಿಟ್ಕೋ” ಎಂದಳು. “ನಾನ್ ಈ ಮನೆಗೆ ಬಂದಿದ್ದು ಇವತ್ತು. ಈ ಸಲನಾದ್ರೂ ಸರಿಯಾಗ್ ಬರಿ.”

ನಾನು ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ “ಅಕ್ಕ ಮನೆಗೆ ಬಂದಳು” ಎಂದು ಬರೆದು, ಗಡಿಯಾರ ನೋಡಿ ಸಮಯವನ್ನೂ ಹಾಕಿದೆ. ಐದೂ ಇಪ್ಪತ್ತು.